ಕರುಳಿಗೂ ವಯಸ್ಸುಂಟು ನೋಡಿ

ಹಣೆಯ ಗೆರೆ, ಕಿವಿಯಂಚಿನ ಬಿಳಿಕೂದಲು ಎದುರಿಗೆ ಬಂದವರಿಗೆಲ್ಲ ಕಾಣುತ್ತವೆ. ಕರುಳಿನ ವಯಸ್ಸು ಯಾರ ಕಣ್ಣಿಗೆ ಬೀಳಬೇಕು, ಹೇಳಿ? ಅಮೆರಿಕದಲ್ಲಿ ನೆಲೆಸಿದ ನಮ್ಮವರ ಮನೆಗಳಲ್ಲಿ ಕಾಫಿಯ ಹೊತ್ತಿನ ಮಾತು ಮಕ್ಕಳ ಕಾಲೇಜಿನಿಂದ ಹೊರಟು, ಊರಿನ ಸೈಟಿನ ವ್ಯಾಜ್ಯವನ್ನು ಸುತ್ತಿ, ಈಗೀಗ ಕರುಳಿನೊಳಗೆ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಕೊಲೊನೊಸ್ಕೋಪಿಗೂ ಬಂದು ಕೂರುತ್ತದೆ. ಅಲ್ಲಿ 45 ತುಂಬಿದರೆ ಡಾಕ್ಟರು ಆ ಮಾತು ತೆಗೆಯುತ್ತಾರೆ. ಮೊದಲು 50 ಇತ್ತು. ಸಣ್ಣ ವಯಸ್ಸಿನವರಲ್ಲೂ ಕರುಳಿನ ಕ್ಯಾನ್ಸರ್ ಹೆಚ್ಚುತ್ತಿರುವುದನ್ನು ಕಂಡ ತಜ್ಞರು 2021ರಲ್ಲಿ ಅದನ್ನು ಇಳಿಸಿದರು. ‘ಬ್ಲ್ಯಾಕ್ ಪ್ಯಾಂಥರ್’ ಚಿತ್ರದ ಚಾಡ್ವಿಕ್ ಬೋಸ್‌ಮನ್ ಇದೇ ಕಾಯಿಲೆಯಿಂದ ತೀರಿಕೊಂಡದ್ದು ಅದರ ಹಿಂದಿನ ವರ್ಷ, ಬರೀ 43ಕ್ಕೆ.

ಹಾಗೆಂದು ಮುಪ್ಪಿಗೂ, ಮುಂದೆ ಕ್ಯಾನ್ಸರಾಗಬಹುದಾದ ಕರುಳಿನ ಗಂಟಾದ ಪಾಲಿಪ್‌ಗೂ ಇರುವ ಹಳೆಯ ನಂಟು ಕಡಿದುಹೋಯಿತೇ? ಇಲ್ಲ. 1985ರಲ್ಲಿ, 74ರ ಅಧ್ಯಕ್ಷ ರೇಗನ್ನರ ಕರುಳಿನಿಂದ ಸಣ್ಣದೊಂದು ಪಾಲಿಪ್ ತೆಗೆಯಲು ಹೋದವರಿಗೆ ಇನ್ನೂ ಒಳಗೆ ದೊಡ್ಡದೇ ಸಿಕ್ಕಿತು. ವಯಸ್ಸು ಏರಿದಂತೆ ಪಾಲಿಪ್ ಸಿಗುವುದು ಹೆಚ್ಚು, ಅದರಲ್ಲೂ ಬಲಗಡೆಯ ಕರುಳಿನಲ್ಲಿ, ಹೆಂಗಸರಿಗಿಂತ ಗಂಡಸರಲ್ಲಿ. ಗಾಬರಿ ಬೇಡ, ಎಲ್ಲ ಪಾಲಿಪ್ಪೂ ಕ್ಯಾನ್ಸರಾಗುವುದಿಲ್ಲ. ಆಗುವುದಕ್ಕೂ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಬೇಕು. ಅಷ್ಟರೊಳಗೆ ಕಿತ್ತರಾಯಿತು. ಹೊಟ್ಟೆ ಕೊಯ್ಯದೆ, ಕೊಳವೆಯ ತುದಿಯ ತಂತಿಕುಣಿಕೆಯಿಂದ ಹಾಗೆ ಕೀಳುವುದನ್ನು 1969ರಲ್ಲಿ ನ್ಯೂಯಾರ್ಕಿನಲ್ಲಿ ಮಾಡಿ ತೋರಿಸಿದವರು ಡಾಕ್ಟರುಗಳಾದ ಶಿನ್ಯಾ ಮತ್ತು ವುಲ್ಫ್. ಎಂಥ ಉಪಕಾರ ಅದು!

ಆದರೆ ಕೀಳುವ ಮೊದಲು ಕಾಣಬೇಕಲ್ಲ? ಸೀರೆಯ ನೆರಿಗೆಯಂಥ ಮಡಿಕೆಗಳ ಹಿಂದೆ ಅವು ಅಡಗಿರುತ್ತವೆ. ಕೊಳವೆಯನ್ನು ಹಿಂದಕ್ಕೆಳೆಯುತ್ತ ಸರಾಸರಿ 6 ನಿಮಿಷವೋ ಅದಕ್ಕೂ ಹೆಚ್ಚೋ ನೋಡಿದ ಡಾಕ್ಟರುಗಳಿಗೆ, ಅವಸರದವರಿಗಿಂತ ಎರಡು ಪಟ್ಟು ಮೀರಿ ಗಡ್ಡೆಗಳು ಸಿಕ್ಕವೆಂದು 2006ರಲ್ಲಿ ಇಲಿನಾಯ್ಸ್ ರಾಜ್ಯದ ಅಧ್ಯಯನವೊಂದು ತೋರಿಸಿತು. ಈಗ ಅಮೆರಿಕದ ತಜ್ಞರು 8 ನಿಮಿಷ ಕೇಳುತ್ತಾರೆ. ರೋಗಿಯ ವಯಸ್ಸಿನಷ್ಟೇ ನೋಡುವವರ ತಾಳ್ಮೆಯೂ ಲೆಕ್ಕಕ್ಕೆ ಬರುತ್ತದೆ ಎಂದಾಯಿತಲ್ಲವೇ? ಹಿಂದಿನ ದಿನ ಭೇದಿಯ ಔಷಧಿ ಕುಡಿದು ಕರುಳು ಚೊಕ್ಕಟ ಮಾಡಿಕೊಳ್ಳುವವರ ತಾಳ್ಮೆಯೂ ಅಷ್ಟೇ. ಇಳಿವಯಸ್ಸಿನವರಿಗೆ ಅದು ಇನ್ನಷ್ಟು ಕಷ್ಟ. 75 ದಾಟಿದ ಮೇಲೆ ಆರೋಗ್ಯ ನೋಡಿ, ಅವರವರನ್ನೇ ಕೇಳಿ ತೀರ್ಮಾನಿಸುವುದಕ್ಕೆ ಅದೂ ಒಂದು ಕಾರಣ.

ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕು: ಹೊಟ್ಟೆಯ ಕೆಳಗಿನ ಕಾಯಿಲೆಯನ್ನು ಹಿರಿಯರು ಬಾಯಿಬಿಟ್ಟು ಹೇಳುವುದಿಲ್ಲ. ಅಪ್ಪನಿಗೋ ಅಕ್ಕನಿಗೋ ಕರುಳಿನ ಕ್ಯಾನ್ಸರ್ ಬಂದಿದ್ದರೆ 45ರವರೆಗೆ ಕಾಯುವಂತಿಲ್ಲ. 40ಕ್ಕೋ ಅದಕ್ಕೂ ಮೊದಲೋ ತೋರಿಸಬೇಕು. ಹೀಗಾಗಿ, ಊರಿಗೆ ಫೋನು ಮಾಡಿದಾಗ ಮಳೆ ಬಂತೇ, ಅಡಿಕೆ ರೇಟು ಎಷ್ಟಾಯಿತು ಎಂದು ಕೇಳುವ ನಡುವೆ, ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಬಂದಿತ್ತೇ ಎಂದೂ ಕೇಳಿಬಿಡಿ. ಮೊದಲು ಬೈದಾರು, ಆಮೇಲೆ ಹೇಳಿಯೇ ಹೇಳುತ್ತಾರೆ.