ಬಸ್ಸು ಫ್ರೀ, ಕೂಲಿ ಯಾರು ಕೊಡ್ತಾರೆ?

ನಮ್ಮ ಬಂಗಾರಪೇಟೆ ಅಂದ ಕೂಡಲೇ ಎಲ್ಲರಿಗೂ ಪಾನಿಪುರಿ ನೆನಪಾಗುತ್ತೆ :) ಇವತ್ತು ಅದರ ವಿಷಯ ಅಲ್ಲ. ಬೆಳಿಗ್ಗೆ ಮಾರಿಕುಪ್ಪಂನಿಂದ ಬರೋ ರೈಲಿನಲ್ಲಿ ನನಗೆ ಪರಿಚಯವಾದ ಒಬ್ಬ ತಾಯಿಯ ವಿಷಯ.

2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಎಷ್ಟೋ ಮನೆಗಳ ಒಲೆ ಉರೀತಿರೋದು ಬೆಂಗಳೂರಿನ ದುಡಿಮೆಯಿಂದ. ಈಕೆಯೂ ಅಲ್ಲಿ ಆಫೀಸು ಗುಡಿಸಿ ಒರೆಸೋ ಕೆಲಸಕ್ಕೆ ಹೋಗ್ತಾರೆ. ಮಗನಿಗೆ ನಾಲ್ಕು ವರ್ಷ, ಸೆರೆಬ್ರಲ್ ಪಾಲ್ಸಿ. ಅಂದ್ರೆ ಬೆಳೆಯೋ ಮಿದುಳಿಗೆ ಆದ ಪೆಟ್ಟು. ಆ ಪೆಟ್ಟು ಹೆಚ್ಚಾಗ್ತಾ ಹೋಗಲ್ಲ, ಆದ್ರೆ ಮಾತ್ರೆ ನುಂಗಿ ವಾಸಿಯಾಗೋದೂ ಅಲ್ಲ. ಬಿಗಿಯಾಗೋ ಕೈಕಾಲನ್ನ ದಿನಾ ಸಡಿಲ ಮಾಡಬೇಕು, ಕೂರೋದು ನಿಲ್ಲೋದು ಕಲಿಸಬೇಕು. ಬಿಟ್ಟರೆ ಕೀಲುಗಳು ಮಡಚಿಕೊಂಡು ಹಾಗೇ ಗಟ್ಟಿಯಾಗಬಹುದು.

"ವಾರಕ್ಕೆರಡು ಸಲ ಕರ್ಕೊಂಡು ಬಾ" ಅಂದ್ರಂತೆ ಡಾಕ್ಟ್ರು. ಮೂರು ತಿಂಗಳು ಹೋದರು, ಆಮೇಲೆ ನಿಲ್ಲಿಸಿದರು. ಹೆಂಗಸರಿಗೆ ಬಸ್ಸು ಫ್ರೀ ಅಲ್ವಾ ಅಂದೆ (2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ). "ಬಸ್ಸು ಫ್ರೀ ಅಣ್ಣಾ, ಹೋದ ದಿನದ ಕೂಲಿ ಯಾರು ಕೊಡ್ತಾರೆ?" ಅಂದರು. ವಾರಕ್ಕೆರಡು ದಿನ ರಜಾ ಹಾಕೋರನ್ನ ಯಾವ ಕಂಟ್ರಾಕ್ಟರ್ ತಾನೇ ಇಟ್ಕೋತಾನೆ...

ಹಾಗಂತ ಸರ್ಕಾರದಲ್ಲಿ ಏನೂ ಇಲ್ಲ ಅಂತಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬಂದು ಮಕ್ಕಳನ್ನ ನೋಡಬೇಕು. ತೊಂದರೆ ಕಂಡ್ರೆ ಜಿಲ್ಲಾ ಕೇಂದ್ರಕ್ಕೆ ಚೀಟಿ. 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವಿಕಲತೆ ಇತ್ತು, 2016ರ ಕಾಯ್ದೆಯಲ್ಲಿ 21 ಆಯ್ತು. ಗುರುತಿನ ಕಾರ್ಡೂ ಬಂತು, ಈ ಹುಡುಗನ ಹತ್ರಾನೂ ಇದೆ, ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದಾರೆ.

ಅಂದ್ರೆ ಮಗುವನ್ನ ಗುರುತಿಸೋ ಕೆಲಸ ಆಗಿದೆ. ಕೊರತೆ ಇರೋದು ಅದರ ಮರುದಿನದಿಂದ. ಕೆಜಿಎಫ್‌ನಿಂದ ಕೋಲಾರ ಸುಮಾರು 30 ಕಿಲೋಮೀಟರು. ಒಂದು ಸಲದ ಆಪರೇಷನ್‌ಗೆ ಅದೇನು ದೂರ ಅಲ್ಲ. ವಾರಕ್ಕೆರಡು ಸಲ, ವರ್ಷಗಟ್ಟಲೆ, ದಿನದಿನಕ್ಕೂ ಭಾರ ಆಗೋ ಮಗುವನ್ನ ಸೊಂಟದ ಮೇಲೆ ಹೊತ್ತು ಹೋಗೋಕೆ ಬಹಳ ದೂರ. ನಮ್ಮ ಯೋಜನೆಗಳೆಲ್ಲ ಕ್ಯಾಂಪಿನ ಲೆಕ್ಕದಲ್ಲಿ ಯೋಚಿಸ್ತವೆ: ಶಾಮಿಯಾನ, ವೀಲ್‌ಚೇರು, ಫೋಟೋ. ಥೆರಪಿ ಅನ್ನೋದು ಗಿಡಕ್ಕೆ ನೀರು ಹಾಕೋ ಥರ, ದಿನಾ ಆಗಬೇಕು.

ನನ್ನ ಕೇಳಿದ್ರೆ ದೊಡ್ಡ ಕಟ್ಟಡ ಏನೂ ಬೇಡ. ಬಂಗಾರಪೇಟೆಯಲ್ಲಿ, ಕೆಜಿಎಫ್‌ನಲ್ಲಿ ಒಂದೊಂದು ಕೋಣೆ, ನೆಲಕ್ಕೆ ಮ್ಯಾಟು, ಹಿಡಿದು ನಡೆಯೋಕೆ ಕಂಬಿ, ಮಕ್ಕಳ ಜೊತೆ ಕೆಲಸ ಗೊತ್ತಿರೋ ಫಿಸಿಯೋಥೆರಪಿಸ್ಟು ಒಬ್ಬರು. ಮುಖ್ಯವಾಗಿ ಭಾನುವಾರವೋ, ಸಂಜೆ ರೈಲು ಬಂದ ಮೇಲೋ ಬಾಗಿಲು ತೆರೆದಿರಬೇಕು. ಮನೇಲಿ ಮಾಡೋ ವ್ಯಾಯಾಮವನ್ನ ಅಜ್ಜಿಗೂ ಕಲಿಸಬೇಕು, ಹಗಲೆಲ್ಲ ಮಗುವನ್ನ ನೋಡಿಕೊಳ್ಳೋದು ಅವರೇ ತಾನೆ.

ಆಗಲ್ಲ ಅನ್ನೋರಿಗೆ ಒಂದು ಮಾತು. ಗಣಿ ಜೊತೆಗೇ ಬಾಗಿಲು ಹಾಕಿದ್ದ ಕಂಪನಿಯ ಹಳೇ ಆಸ್ಪತ್ರೆಯನ್ನ 2021ರಲ್ಲಿ, ಕೋವಿಡ್ ಎರಡನೇ ಅಲೆ ಬಂದಾಗ, ಜನ ಸೇರಿ ಗುಡಿಸಿ ತೊಳೆದು ಹಾಸಿಗೆ ಹಾಕಿದರು. ಇಪ್ಪತ್ತು ವರ್ಷದ ಧೂಳು!

ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮಕ್ಕಳಿಗೆ ಇಂಥ ಕೋಣೆ ಇದೆಯಾ? ವಾರಕ್ಕೆ ಎಷ್ಟು ದಿನ ತೆಗೆದಿರುತ್ತೆ? ಗೊತ್ತಿದ್ರೆ ಹೇಳಿ, ಆಕೆಗೆ ತಿಳಿಸ್ತೀನಿ.