ಜಿಮ್ಮಿಯ ಕಿವಿಯಲ್ಲಿ ಔಡಲ ಬೀಜ

ಬೇಸಿಗೆ ರಜೆಗೆ ಮೊಮ್ಮಗಳು ಬ್ಯಾಡಗಿಗೆ ಬಂದಿದ್ದಳು. ಅಂಗಳದಲ್ಲಿ ನಾಯಿ ಜಿಮ್ಮಿಯ ತಲೆ ಸವರುತ್ತಿದ್ದ ನಾನು, “ಇದರ ಕಿವ್ಯಾಗ ಔಡಲ ಬೀಜ ಅಂಟೇತಿ ನೋಡವಾ” ಎಂದೆ.

“ಬೀಜ ಅಲ್ಲ ಅಜ್ಜ, ಉಣುಗು!”

ನಮ್ಮ ಕಡೆ ಉಣ್ಣಿ, ಅವಳೂರು ಸೊರಬದ ಕಡೆ ಉಣುಗು. ರಕ್ತ ಕುಡಿದು ಬೀಜದಂತೆ ಉಬ್ಬಿತ್ತು. ನಾನು ಬೆಂಕಿಪೊಟ್ಟಣ ತೆಗೆದೆ. ಚಿಕ್ಕಂದಿನಲ್ಲಿ ಎತ್ತಿನ ಮೈಯ ಉಣ್ಣಿಯನ್ನು ಬೀಡಿಯಿಂದ ಸುಡುತ್ತಿದ್ದೆವು, ಇಲ್ಲವೇ ಕಿತ್ತು ಉಗುರಿನಲ್ಲಿ ಕುಕ್ಕುತ್ತಿದ್ದೆವು.

“ಬೇಡ ಅಜ್ಜ! ಸುಟ್ರೆ ಹೊಟ್ಟೇಲಿದ್ದದ್ದನ್ನ ಗಾಯಕ್ಕೇ ಕಕ್ಕುತ್ತೆ.”

“ಅಲ್ಲವಾ, ನಾವು ಮೊದಲಿಂದ ಹಿಂಗ ಮಾಡೇವಿ” ಎಂದೆ. ಅವಳು ನಗಲಿಲ್ಲ. ಅವಳ ಗೆಳತಿಯ ಅಜ್ಜ ತರಗೆಲೆ ತರಲು ಕಾಡಿಗೆ ಹೋಗಿ, ಮಂಗನ ಕಾಯಿಲೆ ತಗುಲಿ ತೀರಿಕೊಂಡಿದ್ದರು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಜ್ವರವದು. ಹೆಸರು ಮಂಗನದು; ಮನುಷ್ಯರಿಗೆ ದಾಟಿಸುವುದು ಕಾಡಿನ ಉಣ್ಣಿ. ನಮ್ಮಂಗಳದ ಉಣ್ಣಿಯೆಲ್ಲ ಆ ಜ್ವರ ತರುವುದಿಲ್ಲ, ಆದರೆ ಎಚ್ಚರ ಎಲ್ಲೆಡೆ ಒಂದೇ.

ಮುಳ್ಳು ತೆಗೆಯುವ ಚಿಮಟ ತಂದಳು. ಚರ್ಮಕ್ಕೆ ತಾಗುವಂತೆ ಉಣ್ಣಿಯ ಬಾಯಿಯ ಬಳಿಯೇ ಹಿಡಿದು, ತಿರುಚದೆ, ಸಾವಕಾಶ ಮೇಲಕ್ಕೆಳೆದೆವು. ಕಾಗದದ ಮೇಲಿಟ್ಟು ಕಾಲು ಎಣಿಸಿದಳು. ಎಂಟು! ಕೀಟಕ್ಕೆ ಆರು, ಉಣ್ಣಿ ಜೇಡ, ಚೇಳುಗಳ ಬಳಗ. ಮೊಟ್ಟೆಯೊಡೆದ ಮರಿಗೆ ಮಾತ್ರ ಆರು ಕಾಲು. ಅದಕ್ಕೆ ರೆಕ್ಕೆಯಿಲ್ಲ, ಚಿಗಟದಂತೆ ನೆಗೆಯಲೂ ಬಾರದು. ಹುಲ್ಲಿನ ತುದಿಯಲ್ಲಿ ಮುಂಗಾಲು ಚಾಚಿ ಕಾಯುತ್ತದೆ. ಆಮೇಲೆ ಅದನ್ನು ಅಂಟುಪಟ್ಟಿಯಲ್ಲಿ ಸುತ್ತಿ ಎಸೆದು, ಗಾಯವನ್ನೂ ಕೈಯನ್ನೂ ಸೋಪಿನಿಂದ ತೊಳೆದೆವು.

ಮರುದಿನ ಪಶುವೈದ್ಯರು ಜಿಮ್ಮಿಗೆ ತೂಕ ನೋಡಿ ಔಷಧಿ ಕೊಟ್ಟರು. ಹೊಲದ ಔಷಧಿ ಸಿಂಪಡಿಸಬೇಡಿ ಎಂದರು. ಕುಡಿದು ಉದುರಿದ ಒಂದು ಹೆಣ್ಣು ಉಣ್ಣಿ ಸಾವಿರಾರು ಮೊಟ್ಟೆಯಿಡುತ್ತದಂತೆ. ಅದಕ್ಕೇ ಗೋಡೆಯ ಬಿರುಕು ಮುಚ್ಚಿದೆ, ಜಿಮ್ಮಿ ಮಲಗುವ ಗೋಣಿಚೀಲವನ್ನು ಬಿಸಿನೀರಿನಲ್ಲಿ ಒಗೆದೆ.

ಈಗ ಹೊಲಕ್ಕೆ ಹೋಗುವಾಗ ತುಂಬುತೋಳಿನ ಅಂಗಿ, ಪ್ಯಾಂಟಿನ ಮೇಲೆ ಕಾಲುಚೀಲ. ಮಲೆನಾಡಿನ ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಡೇಪಾ ಎಣ್ಣೆ ಕೊಡುತ್ತದೆ. ಮನೆಗೆ ಬಂದೊಡನೆ ಬಟ್ಟೆ ಬದಲಿಸಿ ಸ್ನಾನ. ಉಣ್ಣಿ ಕಚ್ಚಿದ ಮೇಲೆ ಜ್ವರ ಬಂದರೆ ವೈದ್ಯರಿಗೆ ಕಚ್ಚಿದ್ದನ್ನೂ ಹೇಳಬೇಕು.

ರಜೆ ಮುಗಿಯುವವರೆಗೂ ಸಂಜೆ ಜಿಮ್ಮಿಯ ಕಿವಿ, ಕೊರಳಪಟ್ಟಿಯ ಕೆಳಗೆ, ಬೆರಳ ಸಂದು ಎಲ್ಲ ತಡವಿ ನೋಡುತ್ತಿದ್ದಳು. ಅದು ಮುಗಿದ ಮೇಲೆ ನನ್ನ ಕಿವಿಯ ಹಿಂದೆ ಬಗ್ಗಿ, “ಈಗ ನಿಮ್ಮ ಸರದಿ, ಅಜ್ಜ!” ಎನ್ನುತ್ತಿದ್ದಳು.