ಪ್ರವಾದಿಯೂ ನಮ್ಮ ತಕ್ಕಡಿಯೂ

ನಮ್ಮ ಓಣಿಯ ಕಾಕಾ ಒಬ್ಬರು ಭಾರತ ಹುಣ್ಣಿಮೆಯ ಜಾತ್ರೆಗೆ ತಪ್ಪದೆ ಮೈಲಾರಕ್ಕೆ ಹೋಗುವವರು. ಬಿಲ್ಲನ್ನೇರಿದ ಗೊರವಯ್ಯನು "ಸದ್ದಲೇ" ಎಂದೊಡನೆ ಅಷ್ಟು ದೊಡ್ಡ ಜನಸಾಗರ ಉಸಿರು ಬಿಗಿಹಿಡಿದು ನಿಲ್ಲುವದನ್ನೂ, ಆತನ ಒಂದೇ ಮಾತಿಗೆ ಮಳೆಯೆಂದು, ಬೆಳೆಯೆಂದು, ರಾಜಕಾರಣವೆಂದು ಜನ ಹತ್ತು ಅರ್ಥ ಹಚ್ಚುವದನ್ನೂ ಅವರ ಬಾಯಿಂದಲೇ ಕೇಳಬೇಕು. ಊರಿಗೆ ಮರಳಿದ ಮೇಲೆ ನನ್ನನ್ನು ಕಂಡರೆ, "ತಮ್ಮಾ, ನಮ್ಮ ಕಾರ್ಣಿಕ ಆತು. ನಿಮ್ಮ ಬೈಬಲ್ಲಿನ ಕಾರ್ಣಿಕ ಏನ ಹೇಳತೈತಿ?" ಎಂದು ನಗುತ್ತ ಕೇಳುವರು.

ರೋಣದ ಸಮೀಪದ ನಮ್ಮ ಹಳ್ಳಿಯಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಆದರೂ ಕಾಕಾ ಅವರ ಪ್ರಶ್ನೆ ನಮಗೆ ಪರಕೀಯವೆನಿಸಿಲ್ಲ. ಬರುವ ಕಾಲದ ನುಡಿಗೆ ಕಿವಿಗೊಡುವದು ನಮ್ಮ ಸೀಮೆಯ ಹಳೆಯ ರೂಢಿ. ೧೮೪೧ರಲ್ಲಿ ಬಾಸೆಲ್ ಮಿಶನ್ನಿನವರು ಬೆಟಗೇರಿಯಲ್ಲಿಯೂ ಅದರ ಹತ್ತಿರದ ಮಲಸಮುದ್ರದಲ್ಲಿಯೂ ನೆಲೆಯೂರಿದರು. ಆ ಸುಮಾರಿಗೆ ಕಾಲಜ್ಞಾನದ ಹೊತ್ತಿಗೆಗಳನ್ನು ಓದುತ್ತಿದ್ದ ಒಂದು ಪಂಥದ ಜನ, ತಮ್ಮ ಹೊತ್ತಿಗೆಗಳ ಮಾತು ಈ ಪರದೇಶದ ಬೋಧಕರಿಂದ ನೆರವೇರುವದೆಂದು ಬಗೆದು ಅವರ ಬಳಿಗೆ ಬಂದರು. ಮಲಸಮುದ್ರದಲ್ಲಿ ಒಕ್ಕಲುತನದ ವಸತಿ ಆರಂಭವಾಯಿತು. ಆದರೆ ಎಣಿಸಿದಂತೆ ಅದು ಬೆಳೆಯಲಿಲ್ಲ. ಬಂದವರು ತಮ್ಮ ಪುಸ್ತಕದ ನೆರವೇರಿಕೆಯನ್ನು ಹುಡುಕಿದರು, ಬೋಧಕರು ತಮ್ಮ ಪುಸ್ತಕದ್ದನ್ನು ಹುಡುಕಿದರು. ಇಬ್ಬರ ಕಣ್ಣೂ ನಾಳೆಯ ಮೇಲೆಯೇ ಇದ್ದಿತೇನೋ ಎಂದು ನನಗೆ ಅನಿಸುವದುಂಟು.

ಹೀಗೆನ್ನಲು ನನಗೇನು ಅಧಿಕಾರ? ನಾನೂ ಅದೇ ತಪ್ಪು ಮಾಡಿದವನೇ. ೨೦೨೦ರಲ್ಲಿ ನಾನು ಹತ್ತನೆಯ ಇಯತ್ತೆಯಲ್ಲಿದ್ದೆ. ಮಾರ್ಚಿಯಲ್ಲಿ ಆಗಬೇಕಾಗಿದ್ದ ಪರೀಕ್ಷೆ ಮುಂದೆ ಹೋಯಿತು. ಬಸ್ಸು ನಿಂತವು, ಸಂತೆ ನಿಂತಿತು, ರವಿವಾರದ ಆರಾಧನೆಯೂ ನಿಂತಿತು. ಮೊಬೈಲಿನಲ್ಲಿ ಮಾತ್ರ ದಿನಕ್ಕೊಬ್ಬ ಬೋಧಕನು ಪ್ರಕಟನೆಯ ಗ್ರಂಥವನ್ನು ಹಿಡಿದು ಲೋಕಾಂತ್ಯದ ಲೆಕ್ಕ ಒಪ್ಪಿಸುತ್ತಿದ್ದನು. ರೋಗ ಬಂದಿದೆ, ಉತ್ತರ ಹಿಂದುಸ್ತಾನದಲ್ಲಿ ಮಿಡತೆಗಳೂ ಬಂದಿವೆ, ಇನ್ನೇನು ಉಳಿಯಿತು ಎಂದು ನಾನು ಪುಸ್ತಕಗಳನ್ನು ಅಟ್ಟಕ್ಕೆ ಹಾಕಿದೆ. ಲೋಕವೇ ಮುಗಿಯುವಾಗ ಬೀಜಗಣಿತವೇಕೆ? ನಿಜ ಹೇಳಬೇಕೆಂದರೆ ಗಣಿತದ ಭಯಕ್ಕೆ ನಾನು ಭಕ್ತಿಯ ಹೊದಿಕೆ ಹೊದಿಸಿದ್ದೆ.

ನಮ್ಮ ಆಯಿಗೆ ಓದು ಬಾರದು. ಸಂಜೆ ದೀಪ ಹಚ್ಚಿದ ಮೇಲೆ ಆಕೆಗೆ ಸತ್ಯವೇದದ ಒಂದು ಅಧ್ಯಾಯ ಓದಿ ಹೇಳುವ ಕೆಲಸ ನನ್ನದು. ನಾನು ದಿನವೂ ಪ್ರಕಟನೆಯನ್ನೇ ತೆಗೆಯುವದನ್ನು ಕಂಡು ಒಂದು ದಿನ ಆಕೆ, "ಮುಗಿಯೂದು ಯಾವಾಗಂತ ಎಷ್ಟ ಓದತಿ? ಅಪ್ಪ ನಾಳೆ ಹೆಸರು ಬಿತ್ತತಾನ. ಎದ್ದು ಕೂರಿಗೆ ಹಿಂದ ಹೋಗು" ಎಂದಳು. ಹೋದೆ. ಜೂನ್ ೨೫ಕ್ಕೆ ಪರೀಕ್ಷೆಗಳು ಆರಂಭವಾದವು. ಲೋಕ ಮುಗಿಯಲಿಲ್ಲ, ಗಣಿತದಲ್ಲಿ ಹೇಗೋ ಪಾಸಾದೆ.

ಆಮೇಲೆ ಆಯಿಯ ಹೇಳಿಕೆಯಂತೆ ಸಣ್ಣ ಪ್ರವಾದಿಗಳನ್ನು ಒಂದೊಂದಾಗಿ ಓದತೊಡಗಿದೆವು. ಹೆಸರಿನ ಸುಗ್ಗಿಯ ಹೊತ್ತಿಗೆ ಆಮೋಸನ ಸರದಿ ಬಂದಿತು. ಆತನು ತೆಕೋವದ ಕುರುಬ, ಅತ್ತಿಯ ಮರಗಳನ್ನು ನೋಡಿಕೊಳ್ಳುತ್ತಿದ್ದವನು, ಗುರುಮನೆಯಲ್ಲಿ ಹುಟ್ಟಿದವನಲ್ಲ. ಆಯಿಗೆ ಆತ ಬಲು ಹಿಡಿಸಿದ. ಆದರೆ ಎಂಟನೆಯ ಅಧ್ಯಾಯಕ್ಕೆ ಬಂದಾಗ ನನ್ನ ನಾಲಿಗೆ ತಡೆಯಿತು. ಅಲ್ಲಿ ಆತನು ಬಯ್ಯುವದು ಪರದೇಶದ ಅರಸನನ್ನಲ್ಲ, ಮೋಸದ ತಕ್ಕಡಿಯಿಂದ ಬಡವರಿಗೆ ಕಾಳು ಮಾರುವ ತನ್ನ ಜನರನ್ನೇ.

ನಮ್ಮ ತಂದೆಯವರು ಹೊಲದ ಜೊತೆಗೆ ಸುತ್ತಲಿನವರ ಹೆಸರು, ಕಡಲೆ ಕೊಂಡು ಗದಗಿನ ಪೇಟೆಗೆ ಹಾಕುವವರು. ತೂಗುವಾಗ ಚೀಲದ ತೂಕವೆಂದೂ, ಧೂಳೆಂದೂ, ಹಸಿಯೆಂದೂ ಚೀಲಕ್ಕೆ ಎರಡು ಕಿಲೋ ಮುರಿಯುವದು ನಡೆದುಬಂದ ಪದ್ಧತಿ. ಬರಿಯ ಚೀಲದ ತೂಕ ಒಂದು ಕಿಲೋ ಕೂಡ ಇರುವದಿಲ್ಲವೆಂಬುದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರು ಪಡಸಾಲೆಯಲ್ಲಿಯೇ ಕುಳಿತು ವಹಿ ಬರೆಯುತ್ತಿದ್ದರು. ನಾನು ದನಿ ಇಳಿಸಿದೆ.

"ಗಟ್ಟ್ಯಾಗಿ ಓದೋ, ಕೇಳಸೂದಿಲ್ಲ" ಎಂದಳು ಆಯಿ.

ಓದಿದೆ. ತಂದೆಯವರ ಲೇಖಣಿಕೆ ನಿಂತಿತು. "ಎಲ್ಲಾರೂ ಮುರೀತಾರ ಯವ್ವಾ. ನಾ ಒಬ್ಬಾವ ಬಿಟ್ರ ಮನಿ ನಡೀಬೇಕಲ್ಲ? ಇವನ ಕಾಲೇಜಿನ ಫೀ ಯಾರ ಕಟ್ಟತಾರ?" ಎಂದರು. ಆಯಿ ಉತ್ತರ ಕೊಡಲಿಲ್ಲ. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ.

ನಾಲ್ಕು ದಿನ ಕಳೆದ ಮೇಲೆ ತಂದೆಯವರು ಬರಿಯ ಚೀಲವೊಂದನ್ನು ತಕ್ಕಡಿಯ ಮೇಲೆ ಹಾಕಿ ತೂಗಿದರು. ಅಂದಿನಿಂದ ಅಷ್ಟನ್ನೇ ಮುರಿದರು. ಆ ಸುಗ್ಗಿಯಲ್ಲಿ ಅದಕ್ಕೆ ಮೊದಲು ಹೆಚ್ಚಾಗಿ ಮುರಿದದ್ದನ್ನು ವಹಿ ನೋಡಿ ಲೆಕ್ಕ ಹಾಕಿ, ಹಣವನ್ನು ನನ್ನ ಕೈಯಲ್ಲಿ ಕೊಟ್ಟು ಮನೆಮನೆಗೆ ಕಳಿಸಿದರು. ತಾವು ಮಾತ್ರ ಬರಲಿಲ್ಲ. ಅವರ ನಾಚಿಕೆ ನನಗೆ ಅರ್ಥವಾಗುತ್ತಿತ್ತು. ಆ ವರ್ಷ ಕ್ರಿಸ್ಮಸ್ಸಿಗೆ ಹೊಸ ಬಟ್ಟೆ ಬರಲಿಲ್ಲ. ನನ್ನ ಫೀ ಕಟ್ಟಲು ಅವ್ವನ ಬೆಂಡೋಲೆ ಅಡವಿಗೆ ಹೋದವು. ಪ್ರವಾದನೆಯನ್ನು ಓದುವದಕ್ಕೆ ಖರ್ಚಿಲ್ಲ, ನಡೆಸುವದಕ್ಕೆ ಖರ್ಚಿದೆ ಎಂಬುದನ್ನು ಆಗ ಕಲಿತೆ.

ಯೋನನ ಕಥೆ ನಮ್ಮಲ್ಲಿ ಅನೇಕರಿಗೆ ಮೀನಿನ ಕಥೆಯೆಂದು ಗೊತ್ತು. ನಾಲ್ವತ್ತು ದಿನಗಳಲ್ಲಿ ನಿನೆವೆ ಪಟ್ಟಣ ಹಾಳಾಗುವದೆಂದು ಆತ ಸಾರಿದನು. ಜನ ತಮ್ಮ ನಡತೆ ತಿದ್ದಿಕೊಂಡರು, ಪಟ್ಟಣ ಉಳಿಯಿತು. ಹೇಳಿದ ನುಡಿ ಸುಳ್ಳಾದದ್ದೇ ಅದರ ಸಾರ್ಥಕತೆ! ದಿನ ಎಣಿಸುತ್ತ ಪಟ್ಟಣದ ಹೊರಗೆ ಕುಳಿತಾತ ಪ್ರವಾದಿ ಯೋನನೊಬ್ಬನೇ. ದೇವರು ತಿದ್ದಿದ್ದು ಆತನನ್ನೂ ಹೌದು.

ಆಮೋಸನು ನ್ಯಾಯವನ್ನು ಬತ್ತದ ಹೊಳೆಗೆ ಹೋಲಿಸಿದ್ದಾನೆ. ಹಸಿರು ನಾಡಿನವರಿಗೆ ಇದು ಅಲಂಕಾರವಾಗಿ ಕಂಡೀತು. ನರಗುಂದದಲ್ಲಿ ಇಳಿದು ರೈತರ ವೀರಗಲ್ಲಿನ ಮುಂದೆ ನಿಂತವನಿಗೆ ಹಾಗೆ ಕಾಣದು. ಮಲಪ್ರಭೆಯ ನೀರು ಸರಿಯಾಗಿ ತಲುಪದ ಹೊಲಗಳಿಗೂ ಅಭಿವೃದ್ಧಿ ಕರ ಕೇಳಿದ್ದಕ್ಕೆ ಎದ್ದ ಚಳವಳಿಯಲ್ಲಿ, ೧೯೮೦ರ ಜುಲೈ ೨೧ರಂದು ಇಲ್ಲಿ ಗುಂಡು ಹಾರಿತು, ಜೀವ ಹೋದವು. ೨೦೧೫ರ ಜುಲೈಯಲ್ಲಿ ಮಹದಾಯಿಯ ನೀರಿಗಾಗಿ ಇದೇ ಊರಲ್ಲಿ ಮತ್ತೆ ಧರಣಿ ಹೂಡಿದರು. ೨೦೧೮ರ ನ್ಯಾಯಮಂಡಳಿಯ ತೀರ್ಪಿನಲ್ಲಿ ಕಳಸಾ-ಬಂಡೂರಿಯಿಂದ ಮಲಪ್ರಭೆಗೆ ೩.೯ ಟಿ.ಎಂ.ಸಿ. ನೀರು ಗೊತ್ತಾಯಿತು. ನಮ್ಮ ಸೀಮೆಯಲ್ಲಿ ನೀರೂ ನ್ಯಾಯವೂ ಎರಡು ಮಾತಲ್ಲ. ಇಲ್ಲಿಯ ಕ್ರೈಸ್ತನು ಆಮೋಸನನ್ನು ಓದಿ ಆ ಕಲ್ಲಿನ ಮುಂದೆ ತಲೆಬಾಗದೆ ಹೋದರೆ, ಆತ ಏನನ್ನು ಓದಿದಂತಾಯಿತು?

ಹಣ ಕೊಡಲು ಹೋದ ದಿನ ಕಾಕಾ ಅವರ ಮನೆಯೂ ಪಟ್ಟಿಯಲ್ಲಿತ್ತು. ಅವರು ನೋಟುಗಳನ್ನು ಎರಡು ಸಲ ಎಣಿಸಿ, "ಇದೇನೋ ತಮ್ಮಾ?" ಎಂದರು. ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಹಂಗಾದ್ರ ಇದ ನಿಮ್ಮ ಕಾರ್ಣಿಕ ಅನ್ನು" ಎಂದರು. ಈ ಸಲ ನಗಲಿಲ್ಲ.

ಕರ್ತನು ಬರುವನೆಂದು ನಾನು ಇಂದಿಗೂ ನಂಬುತ್ತೇನೆ. ಎಂದು ಬರುವನೆಂದು ಎಣಿಸುವದನ್ನು ಬಿಟ್ಟಿದ್ದೇನೆ. ಬಂದ ದಿನ ನಮ್ಮ ಪಡಸಾಲೆಯ ತಕ್ಕಡಿ ಸರಿಯಿದ್ದರೆ ಸಾಕು.